ಚಕ್ಕುಬಂದಿ

ಹದಿನೆಂಟು ವರ್ಷ ಮಂದಿಯ ಲೇಔಟಿನ ಕಾಗದ ಟೈಪು ಮಾಡಿದೆ.
ಮೂವತ್ತು ಬೈ ನಲವತ್ತು, ಮೂಲೆ ಸೈಟು, ಮುಂದ ರಸ್ತೆ.
ನನ್ನ ಹೆಸರಿಗೆ ಒಂದು ಚೌಕವೂ ಬರಲಿಲ್ಲ.
ಈಗ ಮೂವತ್ತಾರು ಬಂದಾವ,
ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು.

ಕಲಬುರಗಿ, ತಹಸೀಲ ಕಚೇರಿ ಎದುರು,
ಝೆರಾಕ್ಸ್ ಅಂಗಡಿಯ ಒಳಮೂಲೆ.
ಎಡಗೈ ಕಿರುಬೆರಳಿನ ನರ ಸೆಟೆದು
ಚಹಾದ ಕಪ್ಪು ಎತ್ತಲಾರದ ವಾರ
ಡಾಕ್ಟರು ಅಂದರು, ಟೈಪಿಂಗ್ ಬಿಡು.
ಬಿಟ್ಟರ ಉಣ್ಣೋದು ಏನು ಅಂತ ಕೇಳಲಿಲ್ಲ.
ಫೀಸು ಕೊಟ್ಟು ಬಂದೆ.

ಮೊಬೈಲು ರಿಪೇರಿಯ ಲಾಡ್ಲೆಸಾಬ
ಬೆಸುಗೆ ಹಾಕಿ ತಂದಿಟ್ಟ:
ಕಡಕ್ ರೊಟ್ಟಿ ಮುರಿದಂಗ ಎರಡು ತುಂಡು,
ನಡುವ ಒಂದು ತಂತಿ.
"ಅಕ್ಕಾ, ಯಾವ ಅಕ್ಷರ ಎಲ್ಲಿ ಕೂಡಬೇಕು
ಅದು ನಿನ್ನ ಹುಕುಂ."

ಹುಕುಂ ಕೊಡೋದು ಸುಲಭ ಅಲ್ಲ.
ರಾತ್ರಿ ಶಹಾಬಾದ ಫರಸಿ ಮ್ಯಾಲ
ಸೀಮೆಸುಣ್ಣದಿಂದ ಮನಿ ಗೀಚಿ
ಹಳೇ ಕ್ರಯಪತ್ರ ಓದುತ್ತ
ಅಕ್ಷರ ಬಂದಂಗ ಅದರ ಮನ್ಯಾಗ
ಒಂದೊಂದು ತೊಗರಿಬ್ಯಾಳಿ ಇಟ್ಟೆ.
ದ, ರ, ನ ಗುಡ್ಡ ಆದವು, "ಸದರಿ"ಯ ದಯೆ.
ಠ ಕ್ಕ ನಾಕು ಕಾಳು.
ಙ ದ ಮನಿಗೆ ಬೀಗ.
ಞ ಕ್ಕ ಒಂದೇ ಒಂದು,
ಬೆಳಿಗ್ಗೆ ನೋಡಿದರ ಅದನ್ನೂ ಇರುವಿ ಎಳಕೊಂಡು ಹೊಂಟಿದ್ದವು.

ಗುಡ್ಡದವರಿಗೆ ನಡುಸಾಲು, ಬೆರಳು ಮಲಗುವ ಜಾಗ.
ಗುಡಿಸು, ಕೊಂಬು ಎಡಕ್ಕ.
ಮಹಾಪ್ರಾಣಕ್ಕ ಬ್ಯಾರೆ ಮನಿ ಇಲ್ಲ,
ಗ ಒತ್ತಿ ಹಿಡಿದರ ಘ ಆಗಬೇಕು,
ಉಸಿರು ಹಿಡಿದಷ್ಟೇ ಹೊತ್ತು.
ಅಕ್ಷರಕ್ಕ ಅಕ್ಷರ ಕಟ್ಟುವ ಕೊಂಡಿ
ಬಲ ಹೆಬ್ಬೆರಳಿಗೆ; ಒತ್ತಿದರ ಒತ್ತು ಬರಬೇಕು.
ಇಷ್ಟು ವರ್ಷ ಸ್ಪೇಸ್ ಹೊಡೆದು ಹೊಡೆದು
ಬಿಡಿಸೋದು ಒಂದೇ ಗೊತ್ತಿದ್ದ ಬೆರಳು ಅದು.

ಏಳು ಸಲ ಅಳಿಸಿದೆ. ಎಂಟನೇ ಸಲ ಪತ್ರ ಬರೆದೆ:
ಸದರಿ ದ ಅಕ್ಷರದ ಚಕ್ಕುಬಂದಿ,
ಪೂರ್ವಕ್ಕೆ ರ, ಪಶ್ಚಿಮಕ್ಕೆ ನ,
ಉತ್ತರಕ್ಕೆ ಮ ಇವರ ಮನೆ,
ದಕ್ಷಿಣಕ್ಕೆ ಬ, ಅದರ ಮುಂದೆ ಹೆಬ್ಬೆರಳಿಗೆ ಹೋಗುವ ದಾರಿ.
ಯಾವುದೇ ತಂಟೆ ತಕರಾರು ಇರುವುದಿಲ್ಲ.

ಇತ್ತು.
ಜಗದೇವಿ ಒಮ್ಮೆ ಕುಂತು "ಕಲಬುರಗಿ" ಹೊಡೆದಳು,
"ಪವಟಿಯಸು" ಬಂತು.
"ಯಾವ ತಾಲೂಕಿಗೆ ಬರ್ತದ ಇದು?"

ತಿಂಗಳಾದ ಮ್ಯಾಲ ಆಳಂದ ಕಡೆಯಾಕಿ ಒಬ್ಬಾಕಿ,
ಎರಡು ಗುಂಟೆ, ಮಗಳ ಹೆಸರಿಗೆ.
ಹೆಸರು? "ಗ್ಯಾನಮ್ಮ."
ಆಧಾರದಾಗ ಜ್ಞಾನಮ್ಮ.
ಬೆರಳು ನಿಂತವು.
ಞ ಅನ್ನು ಯಾವ ಅಟ್ಟಕ್ಕ ಏರಿಸಿದ್ದೆ,
ಮೂರನೇ ಪದರಕ್ಕೋ, ನಾಕನೇದಕ್ಕೋ?
ಆಕಿ ಸೆರಗಿನಿಂದ ಗಾಳಿ ಹಾಕೊಂತ,
"ಗ್ಯಾನಮ್ಮ ಅಂತನ ಬರಿ ತಂಗಿ,
ಅರವತ್ತು ವರ್ಷ ಹಂಗ ಕರದಾರ."
ಹಂಗ ಬರೆಯೋಹಂಗಿಲ್ಲ, ಸಾಹೇಬರು ತಿರುಗಿ ಕಳಿಸ್ತಾರ.
ಪತ್ರದಾಗ ಹನ್ನೊಂದು ಸಲ ಆಕಿ ಹೆಸರು.
ಹನ್ನೊಂದು ಸಲ ಎದ್ದು
ಜಗದೇವಿಯ ಹಳೇ ಕೀಬೋರ್ಡಿಗೆ ಹೋಗಿ ಬಂದೆ.

ಆ ರಾತ್ರಿ ಮತ್ತ ಫರಸಿ.
ಖಾಲಿ ಇದ್ದದ್ದು ಎಡಗಡೆ ತುದಿಯ ಒಂದೇ ಕೀಲಿ,
ಅದು ನೋಯುವ ಕಿರುಬೆರಳು ಕುಂತು ದಣಿವಾರಿಸಲಿಕ್ಕ ಬಿಟ್ಟದ್ದು.
ಅದನ್ನ ಕೊಡಲಾರೆ.
ಆದರ ಎರಡೂ ತುಂಡಿನ ಮ್ಯಾಲ
ಎರಡೂ ತೋರುಬೆರಳು ಒಮ್ಮೆಲೇ ಇಳಿದರ
ಅದು ಆ ಮನಿಯೂ ಅಲ್ಲ, ಈ ಮನಿಯೂ ಅಲ್ಲ,
ಇಬ್ಬರಿಗೂ ಸೇರಿದ ನಡುಗ್ವಾಡಿ.
ಅಲ್ಲಿ ಜ್ಞ ಬರೆಸಿದೆ.

ಆಕಿ ಮತ್ತ ಬಂದಿಲ್ಲ.
ಆ ಅಕ್ಷರದ ಗಿರಾಕಿಯೂ ಇಲ್ಲ.
ಮಧ್ಯಾಹ್ನ ಕರೆಂಟು ಬಂದ ಕೂಡಲೇ
ಸುಮ್ಮನ ಎರಡೂ ಕೈ ಇಳಿಸಿ ನೋಡ್ತೀನಿ,
ಜ್ಞ. ಜ್ಞ.
"ಯಾರನ್ನ ಕರಿಲಿಕತ್ತಿ?" ಅಂತಾಳ ಜಗದೇವಿ.
ಟೋನರ್ ಮುಗಿದದ ನೋಡು, ಅಂತೀನಿ.